ಅನುಭವಕ್ಕೆ ತಕ್ಕಂತೆ ಸಂಬಳ

‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ಓದುವುದು ನನಗೆ ಬಹಳ ಹಳೆಯ ಅಭ್ಯಾಸ. ಕೆಲಸ ಬೇಕೆಂದಲ್ಲ. ಯಾವ ಊರಿಗೆ ಎಂಥವರು ಬೇಕಾಗಿದ್ದಾರೆ ಅಂತ ಗೊತ್ತಾದರೆ ಆ ಊರಿನ ಅರ್ಧ ಸಮಾಚಾರ ಸಿಕ್ಕಿದ ಹಾಗೆಯೇ. ಗಂಗಾವತಿಯ ರೈಸ್ ಮಿಲ್ಲಿಗೆ ಆಪರೇಟರ್ ಬೇಕು, ಮಂಗಳೂರಿನ ಆಸ್ಪತ್ರೆಗೆ ನರ್ಸ್ ಬೇಕು, ತಿಪಟೂರಿನ ಕೊಬ್ಬರಿ ಮಂಡಿಗೆ ಲೆಕ್ಕ ಬರೆಯುವವರು ಬೇಕು. ಈಗ ಇವೆಲ್ಲ ಪತ್ರಿಕೆಗಿಂತ ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಆದರೂ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನವರು ಮಾತ್ರ ಇವತ್ತಿಗೂ ಗೋಡೆಗೆ ರಟ್ಟು ನೇತುಹಾಕುತ್ತಾರೆ: ಸಪ್ಲೈಯರ್ ಬೇಕು, ಊಟ ವಸತಿ ಉಂಟು, ಸಂಬಳ ಇಷ್ಟು. ಆ ‘ಇಷ್ಟು’ ಅನ್ನುವ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಅಂಕಿ ಇರುತ್ತದೆ. ಸರ್ಕಾರದ ಅಧಿಸೂಚನೆ ತೆಗೆದು ನೋಡಿ, ಗ್ರಾಮ ಆಡಳಿತಾಧಿಕಾರಿಯಿಂದ ಹಿಡಿದು ತಹಶೀಲ್ದಾರನವರೆಗೆ ವೇತನ ಶ್ರೇಣಿ ರೂಪಾಯಿ ಲೆಕ್ಕದಲ್ಲಿ ಅಚ್ಚಾಗಿರುತ್ತದೆ.

ಆಮೇಲೆ ನಮ್ಮ ಸ್ವಯಂಸೇವಾ ಸಂಸ್ಥೆಗಳ ಜಾಹೀರಾತಿಗೆ ಬನ್ನಿ. ‘ಕ್ಷೇತ್ರ ಸಂಯೋಜಕರು ಬೇಕಾಗಿದ್ದಾರೆ. ಎಂ.ಎಸ್.ಡಬ್ಲ್ಯು. ಆಗಿರಬೇಕು. ಕನ್ನಡ, ಇಂಗ್ಲಿಷ್ ಎರಡರಲ್ಲೂ ವರದಿ ಬರೆಯಲು ಬರಬೇಕು. ಸ್ವಂತ ಬೈಕ್, ಲೈಸೆನ್ಸ್ ಇರಬೇಕು. ಹಳ್ಳಿಯಲ್ಲಿ ಉಳಿದು ಕೆಲಸ ಮಾಡಲು ಸಿದ್ಧರಿರಬೇಕು. ಸಮಾಜದ ಬಗ್ಗೆ ಕಳಕಳಿ ಇರಬೇಕು. ಸಂಬಳ: ಅನುಭವಕ್ಕೆ ತಕ್ಕಂತೆ.’ ಇರಬೇಕಾದ್ದೆಲ್ಲ ಸ್ಪಷ್ಟವಾಗಿದೆ, ಕೊಡಬೇಕಾದ್ದು ಮಾತ್ರ ಮಂಜು ಮಂಜು. ಬಡವರ ಪರ ಕೆಲಸ ಮಾಡುವ, ಪಾರದರ್ಶಕತೆಯ ಬಗ್ಗೆ ಊರೂರಲ್ಲಿ ತರಬೇತಿ ಕೊಡುವ, ಪಂಚಾಯಿತಿಯವರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವ ನಾವೇ ಹೀಗೆ ಮಾಡುವುದು ಸರಿಯೆ?

ಲಿಂಗಸುಗೂರಿನ ಹುಡುಗಿಯೊಬ್ಬಳು ಇದನ್ನು ಓದುತ್ತಾಳೆ ಅಂತ ಇಟ್ಟುಕೊಳ್ಳಿ. ಎಂ.ಎಸ್.ಡಬ್ಲ್ಯು. ಮುಗಿಸಿದ್ದಾಳೆ, ಕಳಕಳಿಗೆ ಕೊರತೆ ಇಲ್ಲ. ಕೆಲಸ ಇರುವುದು ದೇವದುರ್ಗದಲ್ಲಿ. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಬೇಕು, ಸ್ಕೂಟಿಯ ಕಂತು ಕಟ್ಟಬೇಕು, ತಮ್ಮನ ಡಿಪ್ಲೊಮಾ ಫೀಸಿಗೆ ತಿಂಗಳಿಗಿಷ್ಟು ಅಂತ ಮನೆಗೆ ಕಳಿಸಬೇಕು. ಸಂಬಳ ಹನ್ನೆರಡು ಸಾವಿರವೋ ಇಪ್ಪತ್ತೆರಡು ಸಾವಿರವೋ ಗೊತ್ತಿಲ್ಲದೆ ಅವಳು ಅರ್ಜಿ ಹಾಕಬೇಕೆ, ಬೇಡವೆ? ಫೋನ್ ಮಾಡಿ ಕೇಳೋಣ ಅಂದರೆ ಅವಳಿಗೆ ಇನ್ನೊಂದು ಅಳುಕು. ದುಡ್ಡಿನ ಮಾತು ಮೊದಲೇ ತೆಗೆದರೆ ಇವಳಿಗೆ ಸೇವಾ ಮನೋಭಾವ ಇಲ್ಲ ಅಂದುಕೊಂಡಾರು! ಈ ಸೇವಾ ಮನೋಭಾವ ಎಂಬುದು ಸಂಬಳ ಕೇಳುವ ಬಾಯಿಗಳನ್ನು ಎಷ್ಟು ವರ್ಷದಿಂದ ಮುಚ್ಚಿಸಿದೆಯೋ. ಮನೆಯಲ್ಲಿ ಅನುಕೂಲ ಇದ್ದವರು ಕೇಳದೆಯೇ ಸೇರಿಕೊಂಡು ನೋಡೋಣ ಅನ್ನಬಲ್ಲರು. ಅನುಕೂಲ ಇಲ್ಲದವರು ಅರ್ಜಿಯನ್ನೇ ಹಾಕುವುದಿಲ್ಲ. ಸಂದರ್ಶನ ಶುರುವಾಗುವ ಮೊದಲೇ ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಆಗಿಬಿಟ್ಟಿರುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕಥೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 2020ರಲ್ಲಿ ದತ್ತಿ ಸಂಸ್ಥೆಗಳ ಕೆಲಸಗಾರರೇ ಕೆಲವರು ಸೇರಿ, ಜಾಹೀರಾತಿನಲ್ಲಿ ಸಂಬಳ ತೋರಿಸಿ ಅಂತ ಒಂದು ಚಳವಳಿಯನ್ನೇ ಶುರು ಮಾಡಿದರು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2021ರ ಜನವರಿ 1ರಿಂದ ಸಂಬಳ ಎಷ್ಟರಿಂದ ಎಷ್ಟು ಅಂತ ಹಾಕದೆ ಕೆಲಸದ ಜಾಹೀರಾತು ಕೊಡುವ ಹಾಗಿಲ್ಲ, ಕಾನೂನೇ ಆಯಿತು. ಮರುವರ್ಷ ನವೆಂಬರಿನಲ್ಲಿ ನ್ಯೂಯಾರ್ಕ್ ನಗರವೂ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ಬೇಡ ಅಂತ ತಡೆದವರೂ ಇಲ್ಲವಲ್ಲ. ಒಂದು ಸಾಲು ಹೆಚ್ಚು ಟೈಪ್ ಮಾಡಿದರೆ ಮುಗಿಯಿತು.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ ಇದೆ: ‘ಹಿಂದಿನ ಕೆಲಸದಲ್ಲಿ ಎಷ್ಟು ಬರುತ್ತಿತ್ತು?’ ಕೇಳುವವರು ಲೋಕಾಭಿರಾಮವಾಗಿಯೇ ಕೇಳುತ್ತಾರೆ. ಆದರೆ ಮೊದಲ ಕೆಲಸದಲ್ಲಿ ಎಂಟು ಸಾವಿರಕ್ಕೆ ಒಪ್ಪಿಕೊಂಡವಳು ಎರಡನೆಯದರಲ್ಲಿ ಹತ್ತು, ಮೂರನೆಯದರಲ್ಲಿ ಹನ್ನೆರಡು ಅಂತ ಅದೇ ಮೆಟ್ಟಿಲಲ್ಲಿ ತೆವಳಬೇಕಾಗುತ್ತದೆ. ಅದೇ ಕೆಲಸಕ್ಕೆ ಬೆಂಗಳೂರಿನ ಕಂಪನಿ ಬಿಟ್ಟು ಬಂದವನಿಗೆ, ಪಾಪ, ಅಷ್ಟು ಬಿಟ್ಟು ಬಂದಿದ್ದಾನೆ ಅಂತ ಅವಳ ಎರಡರಷ್ಟು. ಮಾಡುವ ಕೆಲಸ ಒಂದೇ, ಹೋಗುವ ಹಳ್ಳಿ ಒಂದೇ, ಕೂರುವ ಗುಡಿಕಟ್ಟೆಯೂ ಒಂದೇ.

ಸಂಬಳದ ಅಂಕಿ ಯಾಕೆ ಬರೆಯುವುದಿಲ್ಲ ಅಂತ ನಾನು ಸುಮಾರು ಜನರನ್ನು ಕೇಳಿದ್ದೇನೆ. ಗೊತ್ತಿಲ್ಲ ಅಂತಂತೂ ಅಲ್ಲ. ಈ ಕ್ಷೇತ್ರದಲ್ಲಿ ಓಡಾಡಿದವರಿಗೆ ಗೊತ್ತು, ಪ್ರಪೋಸಲ್ ಬರೆಯುವಾಗಲೇ ‘ಕ್ಷೇತ್ರ ಸಂಯೋಜಕರು, ಇಬ್ಬರು, ತಿಂಗಳಿಗೆ ಇಷ್ಟು, ಹನ್ನೆರಡು ತಿಂಗಳಿಗೆ ಒಟ್ಟು ಇಷ್ಟು’ ಅಂತ ಬಜೆಟ್ಟಿನಲ್ಲಿ ಹಾಕಿರುತ್ತಾರೆ, ಫಂಡರ್ ಕಡೆಯವರು ಅದನ್ನು ಒಪ್ಪಿಯೂ ಇರುತ್ತಾರೆ. ಹಾಗಿದ್ದ ಮೇಲೆ ಮುಚ್ಚಿಡುವುದೇಕೆ? ಒಂದು ಸಂಸ್ಥೆಯ ಕಾರ್ಯದರ್ಶಿ ಒಮ್ಮೆ ಚಹಾ ಕುಡಿಯುತ್ತ ನೇರವಾಗಿ ಹೇಳಿದರು: “ಸಂಯೋಜಕರ ಸಂಬಳದಲ್ಲಿ ನಾಲ್ಕು ಸಾವಿರ ಉಳಿಸಿದ್ರೆ ಅಕೌಂಟೆಂಟಿಗೆ ಕೊಡಬಹುದು ನೋಡ್ರಿ. ಅವನಿಗೆ ಯಾವ ಪ್ರಾಜೆಕ್ಟಿನ್ಯಾಗೂ ಹೆಡ್ ಇಲ್ಲ.”

ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಂಬಳ ಮುಚ್ಚಿಡುವುದು ಕಾರ್ಯದರ್ಶಿಯವರ ದುರಾಸೆಯಿಂದ ಅಲ್ಲ, ಅಕೌಂಟೆಂಟಿಗೆ ‘ಹೆಡ್’, ಅಂದರೆ ಬಜೆಟ್ಟಿನಲ್ಲಿ ಒಂದು ಸಾಲು, ಇಲ್ಲದ್ದರಿಂದ. ಹೆಡ್ ಯಾಕಿಲ್ಲ? ದುಡ್ಡು ಕೊಡುವವರಿಗೆ ಮಕ್ಕಳ ಪುಸ್ತಕಕ್ಕೆ, ಕೆರೆಯ ಹೂಳಿಗೆ, ಹೊಲಿಗೆ ಯಂತ್ರಕ್ಕೆ ಕೊಡುವುದು ಇಷ್ಟ. ಆ ಪುಸ್ತಕದ ಬಿಲ್ಲನ್ನು ಸರಿಯಾಗಿ ಫೈಲಿಗೆ ಹಾಕುವವನಿಗೆ, ಆಫೀಸಿನ ಬಾಡಿಗೆಗೆ, ಕರೆಂಟಿಗೆ ಕೊಡುವುದು ದಂಡ ಅನ್ನಿಸುತ್ತದೆ. ಅದಕ್ಕೆಲ್ಲ ಒಟ್ಟಾಗಿ ‘ಓವರ್‌ಹೆಡ್’ ಅಂತ ಹೆಸರಿಟ್ಟು ಶೇಕಡಾ ಐದಕ್ಕೋ ಹತ್ತಕ್ಕೋ ಬಾಗಿಲು ಹಾಕುತ್ತಾರೆ.

ಕಾನೂನಿನ ಹೆಸರೂ ಇಲ್ಲಿ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ನಾವು ಸಿ.ಎಸ್.ಆರ್. ಅನ್ನುವುದು ಅದನ್ನೇ. ಅದರ ನಿಯಮದಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದು ಅಂತಿದೆ. ಅದು ಕಂಪನಿ ತನ್ನ ಸಿ.ಎಸ್.ಆರ್. ವಿಭಾಗ ನಡೆಸಲು ಮಾಡಿಕೊಳ್ಳುವ ಖರ್ಚಿಗೆ ಹಾಕಿದ ಮಿತಿ. ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಗೆ ಹಾಕಿದ್ದಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಬಿಡಿಸಿ ಹೇಳಿದೆ. ಆದರೂ ಎಷ್ಟು ಮೀಟಿಂಗುಗಳಲ್ಲಿ ಆ ಐದು ಶೇಕಡಾವನ್ನು ಸಂಸ್ಥೆಗಳ ತಲೆಗೆ ಕಟ್ಟಿದ್ದನ್ನು ನೋಡಿದ್ದೇನೆ! ವಿದೇಶಿ ದೇಣಿಗೆಯ ಕಾಯ್ದೆಯಲ್ಲಿ 2020ರ ತಿದ್ದುಪಡಿಗೆ ಮೊದಲು ಆಡಳಿತ ವೆಚ್ಚಕ್ಕೆ ಶೇ. 50ರ ತನಕ ಅವಕಾಶ ಇತ್ತು, ಈಗ ಶೇ. 20. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣದಲ್ಲಿ ಪಕ್ಕದ ತಾಲೂಕಿನ ಸಣ್ಣ ಸಂಸ್ಥೆಗೆ ಸ್ವಲ್ಪ ಹಂಚುವುದೂ ಆ ತಿದ್ದುಪಡಿಯಿಂದ ನಿಂತುಹೋಯಿತು. ಕೈಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬರೂ ಇಲ್ಲದ, ಆದರೆ ಊರಿನ ಪ್ರತಿ ಮನೆ ಗೊತ್ತಿರುವ ಸಣ್ಣ ಸಂಸ್ಥೆಗಳಿಗೆ ಅದು ದೊಡ್ಡ ಪೆಟ್ಟು.

ಆಡಳಿತಕ್ಕೆ ಕೊಡದೆ ಕೊಡದೆ ಸಂಸ್ಥೆಗಳನ್ನು ಒಳಗಿಂದಲೇ ಉಪವಾಸ ಕೆಡವುತ್ತಿದ್ದೇವೆ ಅಂತ 2009ರಷ್ಟು ಹಿಂದೆಯೇ ಅಮೆರಿಕದಲ್ಲಿ ಆ್ಯನ್ ಗ್ರೆಗರಿ, ಡಾನ್ ಹೊವರ್ಡ್ ಎಂಬಿಬ್ಬರು ಸ್ಟ್ಯಾನ್‌ಫರ್ಡಿನ ಒಂದು ಪತ್ರಿಕೆಯಲ್ಲಿ ಬರೆದರು. ದಾನಿಗಳು ಕಡಿಮೆ ಖರ್ಚು ನಿರೀಕ್ಷಿಸುತ್ತಾರೆ, ಸಂಸ್ಥೆಗಳು ಕಡಿಮೆ ತೋರಿಸುತ್ತವೆ, ತೋರಿಸಿದ್ದನ್ನು ನೋಡಿ ದಾನಿಗಳು ಇನ್ನೂ ಕಡಿಮೆ ನಿರೀಕ್ಷಿಸುತ್ತಾರೆ. ಅವರು ಬರೆದಿದ್ದು ಅಲ್ಲಿಯದು, ಆದರೆ ಓದಿದ ನಮ್ಮ ಅಕೌಂಟೆಂಟುಗಳು ಯಾರೋ ತಮ್ಮ ಮೇಜಿನ ಖಾನೆ ತೆಗೆದು ನೋಡಿದ್ದಾರೆ ಅಂದುಕೊಂಡಿರಬೇಕು.

ಅಕೌಂಟೆಂಟ್ ವಿಷಯ ಬಂದಾಗ ನಾನು ಬೇಗ ಮುಂದೆ ಹೋಗುವವನಲ್ಲ, ಕ್ಷಮಿಸಿ. ಮಾರ್ಚ್ ತಿಂಗಳಲ್ಲಿ ಒಂದು ಸಂಸ್ಥೆಯ ಆಫೀಸಿಗೆ ಹೋಗಿ ನೋಡಬೇಕು ನೀವು. ಎಲ್ಲರೂ ಮನೆಗೆ ಹೋದ ಮೇಲೂ ಒಂದು ಕೋಣೆಯಲ್ಲಿ ಲೈಟ್ ಉರಿಯುತ್ತಿರುತ್ತದೆ. ಮೇಜಿನ ತುಂಬ ವೋಚರ್, ಪಕ್ಕದಲ್ಲಿ ಗೋಂದಿನ ಬಾಟಲಿ, ರೆವೆನ್ಯೂ ಸ್ಟಾಂಪಿನ ಹಾಳೆ. ಸಿಂಧನೂರಿನಲ್ಲಿ ಆಟೋ ಹತ್ತಿ ಐವತ್ತು ರೂಪಾಯಿ ಕೊಟ್ಟು ಬಂದ ಕಾರ್ಯಕರ್ತನಿಗೆ ರಶೀದಿ ಎಲ್ಲಿ ಅಂತ ಕೇಳಬೇಕು. ಆಟೋದವರು ಎಲ್ಲಿ ರಶೀದಿ ಕೊಡುತ್ತಾರೆ? ಹಾಗಾಗಿ ಸ್ವಂತ ವೋಚರ್, ಅದರ ಮೇಲೆ ಸಹಿ, ಅದರ ಹಿಂದೆ ಎಲ್ಲಿಂದ ಎಲ್ಲಿಗೆ, ಯಾಕೆ, ಯಾರ ಒಪ್ಪಿಗೆ. ಗ್ರಾಮಸಭೆಗೆ ಬಂದ ನಲವತ್ತು ಹೆಂಗಸರಿಗೆ ಚಹಾ ಕೊಟ್ಟ ಅಂಗಡಿಯವನು ಬಿಲ್ ಬುಕ್ಕನ್ನೇ ನೋಡಿದವನಲ್ಲ. ಅವನಿಗೆ ಬಿಳಿ ಹಾಳೆ ಕೊಟ್ಟು, ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕು. ಅದೇ ಹೊತ್ತಿಗೆ ಮೂರು ಫಂಡರುಗಳಿಗೆ ಮೂರು ನಮೂನೆಯ ಖರ್ಚಿನ ಪಟ್ಟಿ. ಒಬ್ಬರಿಗೆ ತಿಂಗಳವಾರು, ಒಬ್ಬರಿಗೆ ಚಟುವಟಿಕೆವಾರು, ಇನ್ನೊಬ್ಬರಿಗೆ ಹಳ್ಳಿವಾರು. ದುಡ್ಡು ಅದೇ, ಹಳ್ಳಿ ಅದೇ. ಹಣ ಬಳಕೆಯ ಪ್ರಮಾಣಪತ್ರ, ಅಂದರೆ ಯು.ಸಿ., ಕಳಿಸದಿದ್ದರೆ ಮುಂದಿನ ಕಂತಿಲ್ಲ, ಮುಂದಿನ ಕಂತು ಬರದಿದ್ದರೆ ಏಪ್ರಿಲ್ ಸಂಬಳವಿಲ್ಲ. ಈ ಮನುಷ್ಯನಿಗೆ ಯಾವ ಪ್ರಾಜೆಕ್ಟಿನಲ್ಲೂ ಹೆಡ್ ಇಲ್ಲ ಅಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಸಂದರ್ಶನದ ಕಡೆ ಬರೋಣ.

ಒಂದು ಸಂದರ್ಶನ ನನಗೆ ಮರೆಯುವುದಿಲ್ಲ. ಹೆಸರು ಬೇಡ, ಸಂಸ್ಥೆಯದೂ ಬೇಡ. ನಾನೂ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಕೆಲಸ ಇದ್ದದ್ದು ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ, ಸಂದರ್ಶನ ನಡೆದದ್ದು ಬೆಂಗಳೂರಿನಲ್ಲಿ. ಅಭ್ಯರ್ಥಿಗಳೆಲ್ಲ ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಕೇಳಿ ಕೇಳಿ ಆಫೀಸು ಹುಡುಕಿಕೊಂಡು ಹತ್ತು ಗಂಟೆಗೆ ಸಾಲಾಗಿ ಕೂತಿದ್ದರು. ಬಸ್ ಚಾರ್ಜ್ ಅವರವರದೇ. ನಾಲ್ಕನೆಯವಳೋ ಐದನೆಯವಳೋ ಒಬ್ಬ ಹೆಣ್ಣುಮಗಳು ಬಂದಳು. ಪದವಿ ಬಿ.ಎ., ಎಂ.ಎಸ್.ಡಬ್ಲ್ಯು. ಇಲ್ಲ. ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು: ಮುಂದಿನ ಐದು ವರ್ಷದಲ್ಲಿ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ? ಕೆಲಸದ ಕರಾರು ಇದ್ದದ್ದು ಹನ್ನೊಂದು ತಿಂಗಳಿಗೆ. ಅವಳು ಒಂದು ಗಳಿಗೆ ಸುಮ್ಮನಿದ್ದು, “ಸರ್, ಕನ್ನಡದಾಗ ಹೇಳ್ಲೇನ್ರಿ?” ಅಂದಳು. ಹೇಳಿ ಅಂದೆವು.

ಆಮೇಲೆ ಅವಳು ಹೇಳಿದ್ದು ಕೇಳಬೇಕಿತ್ತು. ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಅವಳ ಊರಿನಲ್ಲಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಯಾರ ಹತ್ತಿರ ಇದೆ, ಯಾರದನ್ನು ಮೇಸ್ತ್ರಿ ಇಟ್ಟುಕೊಂಡಿದ್ದಾನೆ ಅಂತ ಪಟ್ಟಿ ಇತ್ತು. ಕೆಲಸ ಕೇಳುವ ನಮೂನೆ 6 ತುಂಬಿ ಕೊಟ್ಟರೆ ಪಂಚಾಯಿತಿಯವರು ಸ್ವೀಕೃತಿ ಕೊಡುವುದಿಲ್ಲ. ಸ್ವೀಕೃತಿ ಇಲ್ಲದೆ ಕೆಲಸ ಕೇಳಿದ್ದಕ್ಕೆ ಸಾಕ್ಷಿ ಇಲ್ಲ. ಅದಕ್ಕೆ ಇಪ್ಪತ್ತು ಮಂದಿ ಒಟ್ಟಿಗೆ ಹೋಗಿ ನಿಲ್ಲುತ್ತೇವೆ ಅಂದಳು. ಮೊಬೈಲಿನಲ್ಲಿ ಫೋಟೊ ಹಾಜರಿ ಬಂದ ಮೇಲೆ ಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಸಿಗದೆ ಒಂದಿಡೀ ಗುಂಪಿನ ದಿನದ ಕೂಲಿ ಹೋದದ್ದು ಹೇಳಿದಳು. ಹತ್ತಿ ಬಿಡಿಸುವ ಕಾಲದಲ್ಲಿ ಮೀಟಿಂಗ್ ಇಟ್ಟರೆ ಯಾರೂ ಬರುವುದಿಲ್ಲ, ರಾತ್ರಿ ಊಟ ಆದ ಮೇಲೆ ಇಡಬೇಕು, ಅದೂ ಕೆಳಗಿನ ಓಣಿಯಲ್ಲಿ ಇಟ್ಟರೆ ಮೇಲಿನವರು ಬರುವುದಿಲ್ಲ, ಮೇಲೆ ಇಟ್ಟರೆ ಕೆಳಗಿನವರನ್ನು ಒಳಗೆ ಕರೆಯುವುದಿಲ್ಲ, ಆದ್ದರಿಂದ ಶಾಲೆಯ ಅಂಗಳವೇ ಸರಿ ಅಂದಳು. ಸಮಾಜಕಾರ್ಯದ ಪಠ್ಯದಲ್ಲಿ ಇದನ್ನು ಯಾವ ಅಧ್ಯಾಯದಲ್ಲಿ ಕಲಿಸುತ್ತಾರೆ?

ಅವಳು ಹೊರಗೆ ಹೋದ ಮೇಲೆ ಚರ್ಚೆ ನಡೆಯಿತು. ವಿಷಯ ಗೊತ್ತು, ಧೈರ್ಯ ಇದೆ, ಎಲ್ಲ ಸರಿ. ಆದರೆ ತಿಂಗಳ ವರದಿ ಇಂಗ್ಲಿಷಿನಲ್ಲಿ ಬರೆಯಬೇಕಲ್ಲ? ವರದಿ ಓದುವ ಫಂಡರ್ ಕಡೆಯವರು ಮುಂಬಯಿಯಲ್ಲಿದ್ದಾರೆ. ನಾನು ಅವಳ ಪರ ವಾದಿಸಿದೆ, ಅನುವಾದಕ್ಕೆ ಬೇರೆ ಯಾರನ್ನಾದರೂ ಇಡೋಣ ಅಂದೆ. ಅದಕ್ಕೂ ಹೆಡ್ ಇರಲಿಲ್ಲ. ಕೊನೆಗೆ ಇಂಗ್ಲಿಷ್ ಬಲ್ಲ ಇನ್ನೊಬ್ಬರನ್ನು ಸಂಯೋಜಕರಾಗಿ ತೆಗೆದುಕೊಂಡು, ಇವಳನ್ನು ಅದೇ ಹಳ್ಳಿಗಳಿಗೆ ‘ಸಮುದಾಯ ಕಾರ್ಯಕರ್ತೆ’ ಅಂತ ಗೌರವಧನದ ಮೇಲೆ ಇಟ್ಟುಕೊಂಡರು. ಸಂಬಳದ ಮೂರನೇ ಒಂದು ಭಾಗ, ಪಿ.ಎಫ್. ಇಲ್ಲ, ಆಫರ್ ಲೆಟರ್ ಇಲ್ಲ. ಮೀಟಿಂಗಿಗೆ ಜನರನ್ನು ಕರೆತಂದವಳು ಅವಳು, ಮೀಟಿಂಗಿನ ವರದಿ ಬರೆದವರು ಅವರು.

ಮುಂಬಯಿಯ ಆಫೀಸಿನಲ್ಲಿ ಕೂತು ಇಂಗ್ಲಿಷ್ ವರದಿ ಕೇಳಿದವರಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ. ಅವರು ಕೇಳಿದ್ದು ವರದಿಯನ್ನು ಮಾತ್ರ. ಆದರೆ ಆ ಒಂದು ಕೋರಿಕೆ ಇಲ್ಲಿಗೆ ಬಂದು ಒಬ್ಬಳ ಹೊಟ್ಟೆಯ ಮೇಲೆ ಹೊಡೆಯಿತು. ಕನ್ನಡದಲ್ಲಿ ಬಂದರೂ ಓದಿಸಿಕೊಳ್ಳುತ್ತೇವೆ, ಬೇಕಾದರೆ ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಂದಿದ್ದರೆ ಏನಾಗುತ್ತಿತ್ತು? ಅದಕ್ಕೇ ನಾನು ಹೇಳುವುದು, ನೇಮಕಾತಿ ಒಂದು ಕಡೆ, ದೇಣಿಗೆ ಇನ್ನೊಂದು ಕಡೆ ಅಂತ ಎರಡು ವಿಷಯಗಳಿಲ್ಲ. ನಮಗೆ ದುಡ್ಡು ಹೇಗೆ ಬರುತ್ತದೋ ನಾವು ಜನರನ್ನು ಹಾಗೇ ಇಟ್ಟುಕೊಳ್ಳುತ್ತೇವೆ. ವರ್ಷಕ್ಕೊಮ್ಮೆ ಅನುಮಾನದಿಂದ ಬಂದರೆ ಹನ್ನೊಂದು ತಿಂಗಳ ಕರಾರು. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದ್ದೀರಲ್ಲ? ಮೇಲೆ ಗೇಟಿನ ಹತ್ತಿರ ನೀರು ಒಂದು ಗೇಣು ಇಳಿದರೆ ಮಾನ್ವಿ, ಸಿರವಾರದ ಕಡೆಯ ಕೊನೆಯ ಹೊಲಕ್ಕೆ ಹನಿಯೂ ಮುಟ್ಟುವುದಿಲ್ಲ. ನಂಬಿಕೆಯೂ ಹಾಗೇ ಇಳಿಯುತ್ತ ಇಳಿಯುತ್ತ ಬರುತ್ತದೆ.

ಹಾಗಂತ ಸಂಸ್ಥೆಗಳ ಕೈಯಲ್ಲಿ ಏನೂ ಇಲ್ಲ ಅಂತಲೂ ಒಪ್ಪುವುದಿಲ್ಲ ನಾನು. ಸಂದರ್ಶನದಲ್ಲಿ ‘ಮದುವೆ ಆಗಿದೆಯೇನಮ್ಮ?’ ಅಂತ ಕೇಳಲು ಯಾವ ಫಂಡರೂ ಹೇಳಿಲ್ಲ. ‘ನಿಮ್ಮದು ಯಾವ ಕಡೆ?’ ಅಂತ ಶುರುವಾಗಿ, ‘ಊರಲ್ಲಿ ನಿಮ್ಮ ಪೈಕಿ ಯಾರ್ಯಾರಿದ್ದಾರೆ?’ ಅಂತ ಸುತ್ತಿ ಬಂದು ಕೊನೆಗೆ ಜಾತಿಯ ಹೊಸ್ತಿಲಲ್ಲಿ ನಿಲ್ಲುವ ಆ ಮಾತುಕತೆಯೂ ನಮ್ಮದೇ. ಬಾಡಿಗೆ ಮನೆ ಕೊಡುವವರು ಕೇಳುವುದನ್ನು ನಾವು ಖಂಡಿಸುತ್ತೇವೆ, ಅದೇ ಪ್ರಶ್ನೆ ಚಹಾದ ಲೋಟದ ಜೊತೆ ನಮ್ಮ ಮೇಜಿನ ಮೇಲೂ ಬಂದು ಕೂರುತ್ತದೆ. ಗೊತ್ತಿದ್ದವರ ಮಗ, ಟ್ರಸ್ಟಿಯವರ ಸೋದರಳಿಯ, ನಮ್ಮ ಕಾಲೇಜಿನವನೇ ಅನ್ನುವ ದಾರಿಯಲ್ಲಿ ಬಂದವರಿಗೆ ಪರೀಕ್ಷೆಯೇ ಇರುವುದಿಲ್ಲ.

ಇದನ್ನು ಸರಿಮಾಡಲು ದೊಡ್ಡ ಖರ್ಚೇನೂ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದು, ಆ ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕಳಿಸುವುದು, ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡುವ ಮೊದಲು ತಮ್ಮ ತಮ್ಮ ಅಂಕ ಬರೆದಿಡುವುದು. ಸಂದರ್ಶನವನ್ನು ಕೆಲಸ ಇರುವ ತಾಲೂಕಿನಲ್ಲೇ ಮಾಡಿ, ಬಂದವರ ಬಸ್ ಚಾರ್ಜನ್ನು ಅಲ್ಲೇ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಸಮಿತಿಯಲ್ಲಿ ಆ ಊರಿನ ಸಂಘದ ಹೆಂಗಸೊಬ್ಬಳು ಇರಲಿ. ತಮ್ಮ ಹಳ್ಳಿಗೆ ಯಾರು ಬರಬೇಕು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಾಹೀರಾತಿನ ಷರತ್ತುಗಳನ್ನೂ ಒಮ್ಮೆ ಜರಡಿ ಹಿಡಿಯಬೇಕು. ಅಂಗವಿಕಲರ ಜೊತೆ ದುಡಿಯುವ ಎ.ಪಿ.ಡಿ. ಸಂಸ್ಥೆಯನ್ನು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎನ್.ಎಸ್. ಹೇಮಾ ಸ್ವತಃ ಅಂಗವಿಕಲರು. 1997ರಲ್ಲಿ ಶುರುವಾದ ಸಮರ್ಥನಂ ಸಂಸ್ಥೆಯ ಮಹಾಂತೇಶ್ ಅವರಿಗೆ ಕಣ್ಣು ಕಾಣುವುದಿಲ್ಲ. ಇವರಿಬ್ಬರೂ ಯಾವುದೋ ಸಂಸ್ಥೆಯ ಜಾಹೀರಾತಿಗೆ ಅರ್ಜಿ ಹಾಕಿದ್ದರೆ ‘ಸ್ವಂತ ಬೈಕ್, ಲೈಸೆನ್ಸ್ ಇರಬೇಕು’ ಎಂಬ ಸಾಲಿನಲ್ಲೇ ಹೊರಗುಳಿಯುತ್ತಿದ್ದರು.

ಫಂಡರುಗಳ ವಿಷಯ ಬಂದಾಗ ಕೆಲವರು ನನ್ನನ್ನು ಕೇಳುತ್ತಾರೆ: ಹಾಗಾದರೆ ಲೆಕ್ಕವೇ ಬೇಡವೆ, ದುಡ್ಡು ಕೊಟ್ಟು ಕಣ್ಣು ಮುಚ್ಚಿಕೊಳ್ಳಬೇಕೆ? ಛೆ, ಯಾರು ಹಾಗಂದರು? ಸಿದ್ಧಗಂಗಾ ಮಠದ ದಾಸೋಹಕ್ಕೆ ಸುತ್ತಲ ಊರಿನ ರೈತರು ಅಕ್ಕಿ, ರಾಗಿ, ತೆಂಗಿನಕಾಯಿ ತಂದು ಹಾಕುತ್ತಾರೆ. ಯಾರೂ ಯು.ಸಿ. ಕೇಳಿದ್ದಿಲ್ಲ. ಆದರೆ ಅವರು ಹೋಗಿ ನೋಡುತ್ತಾರೆ, ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಅಲ್ಲಿ ಓದುವ ಸಾವಿರಾರು ಮಕ್ಕಳಲ್ಲಿ ತಮ್ಮೂರಿನ ಹುಡುಗನೂ ಇರುತ್ತಾನೆ. ಕಣ್ಣಾರೆ ಕಂಡ ಲೆಕ್ಕ ಅದು. ಕಾಗದ ಹೆಚ್ಚಾಗುವುದು ಹೋಗಿ ನೋಡುವುದು ಕಡಿಮೆಯಾದಾಗ.

ನಂಬಿಕೆಯ ವಿಷಯದಲ್ಲಿ ನಾನು ಮತ್ತೆ ಮತ್ತೆ ಹೇಳುವ ಕಥೆ ಮೈರಾಡದ್ದು. 1968ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನಮ್ಮ ರಾಜ್ಯದಲ್ಲಿ ನೆಲೆ ಮಾಡಿಕೊಡಲು ಹುಟ್ಟಿದ ಸಂಸ್ಥೆ ಅದು. ಆಮೇಲೆ ಹಳ್ಳಿಗಳ ಕೆಲಸಕ್ಕೆ ಇಳಿಯಿತು, ಸಹಕಾರ ಸಂಘಗಳನ್ನು ಕಟ್ಟಿಸಿತು, ಸಾಲ ಕೊಡಿಸಿತು. 1984–85ರ ಹೊತ್ತಿಗೆ ಅವುಗಳಲ್ಲಿ ಹಲವು ಸಂಘಗಳು ಒಡೆದುಹೋದವು. ಒಂದಿಬ್ಬರು ದೊಡ್ಡವರ ಹಿಡಿತಕ್ಕೆ ಸಂಘ ಸಿಕ್ಕರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಗ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಮೈರಾಡದವರ ಹತ್ತಿರ ಬಂದರಂತೆ. ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ, ನಿಮಗೆ ಕೊಡುತ್ತೇವೆ ಅಂದರಂತೆ. ಎಂಥ ಜನ ನೋಡಿ! ಸಂಘ ಮುರಿದುಬಿದ್ದಿದೆ, ಕೇಳುವವರಿಲ್ಲ, ಆದರೂ ತೀರಿಸುತ್ತೇವೆ ಅನ್ನುತ್ತಾರೆ. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಅಲೋಶಿಯಸ್ ಫರ್ನಾಂಡಿಸ್. ನಮಗೆ ಯಾಕೆ ಕೊಡುತ್ತೀರಿ, ನಿಮ್ಮನಿಮ್ಮಲ್ಲೇ ಒಬ್ಬರಿಗೊಬ್ಬರು ಯಾಕೆ ಕೊಟ್ಟುಕೊಳ್ಳಬಾರದು ಅಂತ ಮೈರಾಡದ ಕಡೆಯಿಂದ ಮರುಪ್ರಶ್ನೆ ಹೋಯಿತು. ಆ ಸಣ್ಣ ಗುಂಪುಗಳೇ ಸ್ವಸಹಾಯ ಸಂಘಗಳ ಮೊಳಕೆ.

ಈಗ ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಇವತ್ತಿನ ವರದಿಯ ನಮೂನೆಯಲ್ಲಿ ಇದನ್ನು ಎಲ್ಲಿ ಬರೆಯುತ್ತಿದ್ದರು? ‘ಸಂಘಗಳ ಗುರಿ ಇಷ್ಟು, ಸಾಧನೆ ಇಷ್ಟು, ಒಡೆದವು ಇಷ್ಟು’ ಅಂತ ಕೆಂಪು ಬಣ್ಣದ ಚೌಕದಲ್ಲಿ ಬಂದು, ಮುಂದಿನ ಕಂತು ನಿಂತು, ಆ ಗುಂಪುಗಳ ಜೊತೆ ಮಾತಾಡುತ್ತಿದ್ದ ಕಾರ್ಯಕರ್ತರ ಕರಾರೂ ಮುಗಿದುಹೋಗುತ್ತಿತ್ತು. ಆದರೆ ಆಗಿದ್ದೇನು? 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ಬ್ಯಾಂಕ್ ನಬಾರ್ಡ್ ಆ ಗುಂಪುಗಳ ಪ್ರಯೋಗಕ್ಕೆಂದೇ ಹತ್ತು ಲಕ್ಷ ರೂಪಾಯಿ ಕೊಟ್ಟಿತು. ಕಾಗದದ ಮೇಲೆ ನೋಂದಣಿಯೂ ಇಲ್ಲದ ಬಡ ಗುಂಪುಗಳಿಗೆ! 1992ರಲ್ಲಿ ಅದೇ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮ ಶುರು ಮಾಡಿತು. ನಮ್ಮ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ಈಗ ದೇಶದಲ್ಲಿ ಬ್ಯಾಂಕಿನ ಜೊತೆ ವ್ಯವಹರಿಸುವ ಸ್ವಸಹಾಯ ಸಂಘಗಳು ಒಂದು ಕೋಟಿಗೂ ಹೆಚ್ಚು. ಸೋಲನ್ನು ಸೋಲು ಅಂತ ಹೇಳಿದ ಸಂಸ್ಥೆ, ಅದನ್ನು ಕೇಳಿ ಕೈ ಬಿಡದ ದಾನಿ, ಇಬ್ಬರೂ ಒಂದೇ ಹೊತ್ತಿಗೆ ಸಿಕ್ಕಿದ್ದು ನಮ್ಮ ಹೆಂಗಸರ ಪುಣ್ಯ.

ಅಂಥ ದಾನಿಗಳು ಈಗಲೂ ಇಲ್ಲದಿಲ್ಲ. ರೋಹಿಣಿ ನಿಲೇಕಣಿಯವರು ಸಂಸ್ಥೆಯನ್ನು ನಂಬಿ, ಹಲವು ವರ್ಷಕ್ಕೆ, ಇಂಥದ್ದಕ್ಕೇ ಖರ್ಚು ಮಾಡಿ ಎಂಬ ಕಟ್ಟು ಹಾಕದೆ ಕೊಡಬೇಕು ಅಂತ ಬಹಿರಂಗವಾಗಿಯೇ ಹೇಳುತ್ತ ಬಂದವರು. 2021ರಲ್ಲಿ ಎಡೆಲ್‌ಗಿವ್ ಫೌಂಡೇಶನ್ ಕಡೆಯಿಂದ ‘ಗ್ರೋ ಫಂಡ್’ ಬಂತು. ನೂರು ಸಣ್ಣ ಸಂಸ್ಥೆಗಳ ಒಳಗಿನ ಖರ್ಚಿಗೆ, ಅಂದರೆ ನಮ್ಮ ಅಕೌಂಟೆಂಟಿನ ಸಂಬಳಕ್ಕೇ, ನೂರು ಕೋಟಿ ಕೂಡಿಸುವ ಯೋಜನೆ. ಅಮೆರಿಕದ ಮೆಕೆಂಜಿ ಸ್ಕಾಟ್ 2020ರಿಂದ ಷರತ್ತಿಲ್ಲದೆ ಕೊಡುತ್ತ ಬಂದಿದ್ದಾರೆ. ನಮ್ಮ ದೇಶದ ಗೂಂಜ್ ಸಂಸ್ಥೆಗೂ ಅದರಲ್ಲಿ ಪಾಲು ಬಂತು. ಆದರೆ ಹೆಸರುವಾಸಿಯವರನ್ನು ಬಿಡಿ. ನಾನು ಕಂಡ ಒಬ್ಬ ಪ್ರೋಗ್ರಾಂ ಆಫೀಸರ್ ಇದ್ದರು. ಸಾಮಾನ್ಯವಾಗಿ ಫಂಡರ್ ವಿಸಿಟ್ ಅಂದರೆ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಲ್ಲುವುದು, ಸ್ವಾಗತ ಗೀತೆ, ಶಾಲು, ಫೋಟೊ, ಮುಕ್ಕಾಲು ಗಂಟೆಯಲ್ಲಿ ಕಾರು ವಾಪಸ್. ಇವರು ಕೆಂಪು ಬಸ್ಸಿನಲ್ಲಿ ಬಂದರು, ರಾತ್ರಿ ಊರಲ್ಲೇ ಉಳಿದರು. ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು ಕಟ್ಟೆಯ ಮೇಲೆ ಕೂತು, “ಏನು ಸರಿ ಹೋಗಿಲ್ಲ ಅದನ್ನ ಹೇಳಿ ಸರ್, ಸರಿ ಹೋಗಿದ್ದು ವರದಿಯಲ್ಲಿ ಓದಿದ್ದೇನೆ” ಅಂದರು. ಅಲ್ಲಿನ ಸಂಸ್ಥೆಯ ಕಾರ್ಯದರ್ಶಿಯವರು ಸ್ವಲ್ಪ ಹೊತ್ತು ಎಲೆ ಅಡಿಕೆಯಲ್ಲೇ ಇದ್ದರು. ಆಮೇಲೆ ಬಾಯಿಬಿಟ್ಟರು: ಕಟ್ಟಿಸಿದ ಪಾಯಿಖಾನೆಗಳಲ್ಲಿ ಅರ್ಧ ಜನ ಹತ್ತಿ ಕಟ್ಟಿಗೆ ಒಟ್ಟಿದ್ದಾರೆ, ನೀರಿಲ್ಲ, ಏನು ಮಾಡುವುದು. ಬೆಳಿಗ್ಗೆ ಇಬ್ಬರೂ ಕೂತು ಉಳಿದ ದುಡ್ಡನ್ನು ಪೈಪ್‌ಲೈನಿಗೆ ತಿರುಗಿಸಿದರು. ಮುಂದಿನ ಮಂಜೂರಾತಿ ಮೂರು ವರ್ಷಕ್ಕೆ ಬಂತು. ಆ ಸಂಸ್ಥೆ ಮೊದಲ ಬಾರಿಗೆ ತನ್ನ ಕಾರ್ಯಕರ್ತರಿಗೆ ಮೂರು ವರ್ಷದ ನೇಮಕ ಪತ್ರ ಕೊಟ್ಟಿತು, ಸಮುದಾಯ ಕಾರ್ಯಕರ್ತೆಯರನ್ನೂ ಸಂಬಳದ ಪಟ್ಟಿಗೆ ತಂದಿತು.

ಅದೇ ಸಂಸ್ಥೆಯಲ್ಲಿ ಇನ್ನೊಂದು ತಕರಾರು ಬಾಕಿ ಇತ್ತು, ಬೈಕಿನದ್ದು. ಫೀಲ್ಡಿಗೆ ಹೋದರೆ ಕಿಲೋಮೀಟರಿಗೆ ಮೂರು ರೂಪಾಯಿ ಟಿ.ಎ. ಅಂತ ಯಾವುದೋ ಕಾಲದಲ್ಲಿ ಬರೆದದ್ದು. ನಮ್ಮ ರಾಜ್ಯದಲ್ಲಿ ಪೆಟ್ರೋಲ್ 2021ರ ಜೂನಿನಲ್ಲೇ ನೂರು ದಾಟಿತು, ಟಿ.ಎ. ಮಾತ್ರ ಮೂರರಲ್ಲೇ ಕೂತಿತ್ತು. ಟೈರು, ಆಯಿಲ್, ಪಂಕ್ಚರ್ ಎಲ್ಲ ಹುಡುಗರ ಕೈಯಿಂದ. ಹೊಸ ಪ್ರಪೋಸಲ್ ಬರೆಯುವಾಗ ಅಕೌಂಟೆಂಟ್ ತಾವೇ ಒಂದು ಸಾಲು ಸೇರಿಸಿದರು: ಪೆಟ್ರೋಲ್ ದರ ಏರಿದಂತೆ ಈ ದರವೂ ಏರುತ್ತದೆ. ಇದೇನು ಹೊಸದು ಅಂತ ಕಾರ್ಯದರ್ಶಿಯವರಿಗೆ ಗಾಬರಿ. ಒಂದು ವಾರಕ್ಕೆ ಆ ಪ್ರೋಗ್ರಾಂ ಆಫೀಸರಿಂದ ಫೋನ್ ಬಂತು.

“ಪೆಟ್ರೋಲ್ ಇಳಿದ್ರೆ ಏನ್ ಮಾಡ್ತೀರಿ?”

“ನಾವೂ ಇಳಿಸ್ತೀವ್ರಿ ಸರ್” ಅಂದರು ಅಕೌಂಟೆಂಟ್.

“ಹಾಗಾದ್ರೆ ಇರಲಿ ಬಿಡಿ. ನಿಮ್ಮ ಸಂಬಳದ ಸಾಲು ಎಲ್ಲೂ ಕಾಣಿಸ್ತಿಲ್ಲವಲ್ಲ, ಅದನ್ನೂ ಹಾಕಿ ಸೋಮವಾರ ಕಳಿಸಿ.”